ಮಗುವಿಗಾಗಿ ಕಾಯುವ ಏಣಿ

ಹತ್ತಿ ಬಿಡಿಸುವ ಕಾಲ ಬಂತೆಂದರೆ ದೇವದುರ್ಗ ತಾಲ್ಲೂಕಿನ ದೊಡ್ಡಿಗಳಲ್ಲಿ, ತಾಂಡಾಗಳಲ್ಲಿ ಶಾಲೆಯ ಹಾಜರಿ ಇಳಿಯುತ್ತದೆ. ಹೊಲದ ಕೆಲಸ ಮುಗಿದರೆ ಮನೆಮಂದಿಯೆಲ್ಲ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೊರಡುವುದುಂಟು, ಜೊತೆಗೆ ಮಕ್ಕಳೂ. ತುಂಗಭದ್ರಾ ಎಡದಂಡೆ ಕಾಲುವೆಯನ್ನು ನಂಬಿದ ಮಾನ್ವಿ ಕಡೆ ಭತ್ತದ ನಾಟಿಯ, ಮೆಣಸಿನಕಾಯಿ ಬಿಡಿಸುವ ದಿನಗಳು ದೊಡ್ಡ ಮಕ್ಕಳನ್ನು ಹೊಲಕ್ಕೋ, ತಮ್ಮ ತಂಗಿಯರನ್ನು ನೋಡಿಕೊಳ್ಳುವ ಕೆಲಸಕ್ಕೋ ಎಳೆದುಬಿಡುತ್ತವೆ. ರಾಯಚೂರು ನಗರದ ಸರ್ಕಾರಿ ಶಾಲೆಗಳಲ್ಲಿ ಕನ್ನಡ, ಉರ್ದು, ತೆಲುಗು ಮನೆಮಾತಿನ ಮಕ್ಕಳು ಒಂದೇ ಓಣಿಯಿಂದ ಬರುತ್ತಾರೆ. ಇಂಥ ಕಡೆ ಕಲಿಕೆ ಸುಧಾರಿಸಬೇಕಾದರೆ ಕಟ್ಟುನಿಟ್ಟು ಹೆಚ್ಚಿಸಬೇಕು, ಕಾಪಿ ಬರೆಸಬೇಕು, ಮಗ್ಗಿ ಬಾಯಿಪಾಠ ಮಾಡಿಸಬೇಕು, ಆಟ-ಹಾಡುಗಳೆಲ್ಲ ಅನುಕೂಲಸ್ಥರ ಶಾಲೆಗಳಿಗೆ ಇರಲಿ ಎಂಬ ಮಾತು ಆಗಾಗ ಕೇಳಿಬರುತ್ತದೆ. ಇದು ತಲೆಕೆಳಗಾದ ತರ್ಕ. ಕೈ, ಕಣ್ಣು, ಮಾತು, ಮನಸ್ಸು ಎಲ್ಲವನ್ನೂ ತೊಡಗಿಸುವ ಚಟುವಟಿಕೆಯ ಕಲಿಕೆ ಬೇರೆಲ್ಲೆಡೆಗಿಂತ ಹೆಚ್ಚಾಗಿ ಬೇಕಾಗಿರುವುದು ರಾಯಚೂರು ಜಿಲ್ಲೆಯಂಥ ಕಡೆಗೇ.

ಜಿಲ್ಲೆ ಎಲ್ಲಿ ನಿಂತಿದೆ ಎಂಬುದನ್ನು ಅಂಕಿಗಳು ಹೇಳುತ್ತವೆ. 2011ರ ಜನಗಣತಿಯ ಪ್ರಕಾರ ರಾಜ್ಯದ ಸಾಕ್ಷರತೆ ಶೇ 75.36 ಇದ್ದರೆ ರಾಯಚೂರಿನದು ಶೇ 59.56. ಜಿಲ್ಲೆಯ ಮಹಿಳೆಯರಲ್ಲಿ ಅಕ್ಷರ ಬಲ್ಲವರು ಅರ್ಧಕ್ಕಿಂತ ಕಡಿಮೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ದೇವದುರ್ಗವೂ ಇತ್ತು, ಮಾನ್ವಿಯೂ ಇತ್ತು. 2018ರಲ್ಲಿ ಕೇಂದ್ರ ಸರ್ಕಾರ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿ ಮಾಡಿದಾಗ ಕರ್ನಾಟಕದಿಂದ ಸೇರಿದವು ರಾಯಚೂರು ಮತ್ತು ಯಾದಗಿರಿ. ಒಂದನೇ ತರಗತಿಗೆ ಬರುವ ಎಷ್ಟೋ ಮಕ್ಕಳ ಮನೆಯಲ್ಲಿ ಪುಸ್ತಕವಿಲ್ಲ, ಸಂಜೆ ಕೂರಿಸಿಕೊಂಡು ಹೇಳಿಕೊಡುವವರಿಲ್ಲ ಎಂಬುದು ಈ ಅಂಕಿಗಳ ಅರ್ಥ. ಪಾಠ ಓದಿ ಹೇಳಿ ಮುಂದಕ್ಕೆ ಹೋಗುವ ತರಗತಿ ಮೂರು ಸಂಗತಿಗಳನ್ನು ಮೊದಲೇ ಖಚಿತವೆಂದು ಹಿಡಿದಿರುತ್ತದೆ: ಮಗು ದಿನವೂ ಬರುತ್ತದೆ, ಎಲ್ಲರೂ ಒಂದೇ ಮಟ್ಟದಲ್ಲಿದ್ದಾರೆ, ಅರ್ಥವಾಗದಿದ್ದನ್ನು ಮನೆಯಲ್ಲಿ ಯಾರಾದರೂ ತಿದ್ದುತ್ತಾರೆ. ಈ ಮೂರೂ ಇಲ್ಲದ ಊರಿನಲ್ಲಿ ಆ ಕ್ರಮ ಶುರುವಿನಿಂದಲೇ ಅರ್ಧ ಮಕ್ಕಳನ್ನು ಬಿಟ್ಟು ಹೊರಟಿರುತ್ತದೆ.

ಕರ್ನಾಟಕದ ಬಳಿ ಇದಕ್ಕೊಂದು ಉತ್ತರವಿದೆ, ಅದೂ ಮೂವತ್ತು ವರ್ಷಗಳಷ್ಟು ಹಳೆಯದು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರಪ್ರದೇಶದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಪ್ರಯೋಗವನ್ನು ನೋಡಿಬಂದು, ಯುನಿಸೆಫ್ ನೆರವಿನಲ್ಲಿ ರೂಪಿಸಿದ ‘ನಲಿ-ಕಲಿ’ 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗಳಿಗೆಲ್ಲ ಹರಡಿತು. ಒಂದರಿಂದ ಮೂರನೇ ತರಗತಿಯ ಮಕ್ಕಳು ಇಲ್ಲಿ ಒಂದೇ ಕೋಣೆಯಲ್ಲಿ, ನೆಲದ ಮೇಲೆ ಗುಂಪುಗುಂಪಾಗಿ ಕೂರುತ್ತಾರೆ. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ. ಅದರ ಒಂದೊಂದು ಮೆಟ್ಟಿಲಿಗೂ ಒಂದು ಲಾಂಛನ, ಒಂದು ಕಾರ್ಡು. ಮಗು ತನ್ನ ಮೆಟ್ಟಿಲನ್ನು ತಾನೇ ಗುರುತಿಸಿ, ಕಾರ್ಡು ತೆಗೆದುಕೊಂಡು, ಆ ಚಟುವಟಿಕೆ ಯಾವ ಗುಂಪಿಗೆ ಸೇರಿದ್ದೋ ಅಲ್ಲಿಗೆ ಹೋಗುತ್ತದೆ. ಒಂದು ಗುಂಪಿಗೆ ಶಿಕ್ಷಕರ ಪೂರ್ಣ ನೆರವು, ಇನ್ನೊಂದಕ್ಕೆ ಅರೆ ನೆರವು, ಮತ್ತೆರಡರಲ್ಲಿ ಗೆಳೆಯರೇ ಆಸರೆ, ಕೊನೆಯದರಲ್ಲಿ ಸ್ವಂತ ಕಲಿಕೆ. ಬಿಡಿಸಿದ ಚಿತ್ರ, ಬರೆದ ಹಾಳೆ ತಲೆಯ ಮೇಲಿನ ಚಪ್ಪರದಲ್ಲಿ ತೂಗುತ್ತವೆ. ಅಕ್ಷರಗಳೂ ಇಲ್ಲಿ ವರ್ಣಮಾಲೆಯ ಸಾಲಿನಲ್ಲಿ ಬರುವುದಿಲ್ಲ. ಮೊದಲು ಬರುವುದು ರ, ಗ, ಸ, ದ, ಅ. ತಿದ್ದಲು ಸುಲಭವಾದ ಈ ಐದು ಅಕ್ಷರ ಕಲಿತ ಮಗು ಸರ, ದರ, ಅರಸ, ಅಗಸ ಎಂಬ ಪದಗಳನ್ನು ಆಗಲೇ ಓದಬಲ್ಲದು. ಐವತ್ತು ಅಕ್ಷರ ಮುಗಿಯುವತನಕ ಅರ್ಥಕ್ಕಾಗಿ ಕಾಯಬೇಕಿಲ್ಲ.

ಈ ಏರ್ಪಾಟಿನ ದೊಡ್ಡ ಗುಣ ಅದರ ತಾಳ್ಮೆ. ಎರಡು ತಿಂಗಳು ಗುಳೆ ಹೋಗಿ ಬಂದ ಮಗುವಿನ ಪಾಲಿಗೆ ಪಠ್ಯಪುಸ್ತಕದ ತರಗತಿ ಹತ್ತು ಪಾಠ ಮುಂದೆ ಹೋಗಿಬಿಟ್ಟಿರುತ್ತದೆ. ಮಗು ಹಿಂದಿನ ಬೆಂಚಿಗೆ ಸರಿಯುತ್ತದೆ, ಆಮೇಲೆ ಸುಮ್ಮನಾಗುತ್ತದೆ, ಕೊನೆಗೆ ಶಾಲೆಯನ್ನೇ ಬಿಡುತ್ತದೆ. ಏಣಿಯ ತರಗತಿಯಲ್ಲಿ ಅದೇ ಮಗು ತಾನು ಇಳಿದುಹೋದ ಮೆಟ್ಟಿಲಿನಿಂದಲೇ ಮತ್ತೆ ಹತ್ತಬಹುದು. ‘ಪ್ರಗತಿ ನೋಟ’ ಎಂಬ ದಾಖಲೆಯಲ್ಲಿ ಅದರ ಜಾಗ ಹಾಗೆಯೇ ಇರುತ್ತದೆ. ವಯಸ್ಸಿಗೆ ಬದಲಾಗಿ ಮಟ್ಟ ನೋಡಿ ಮಕ್ಕಳನ್ನು ಗುಂಪು ಮಾಡುವುದರ ಫಲವೇನು ಎಂಬುದಕ್ಕೆ ಗಟ್ಟಿ ಆಧಾರವೂ ಉಂಟು. ಪ್ರಥಮ್ ಸಂಸ್ಥೆಯ ಜೊತೆಗೂಡಿ ಭಾರತದ ಹಲವು ಕಡೆ ಇದನ್ನು ಪರೀಕ್ಷಿಸಿದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತಿತರರು, ಹಿಂದುಳಿದ ಮಕ್ಕಳು ಇಂಥ ಕಡೆ ಓದು, ಲೆಕ್ಕಗಳಲ್ಲಿ ಸ್ಪಷ್ಟವಾಗಿ ಮುಂದೆ ಬರುತ್ತಾರೆಂದು ಕಂಡುಕೊಂಡರು. ಆ ಇಬ್ಬರಿಗೂ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದದ್ದು ಬಡತನದ ಕುರಿತ ಇಂಥ ಕ್ಷೇತ್ರ ಪ್ರಯೋಗಗಳಿಗೇ. ಇನ್ನು ಕಾನೂನಿನ ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಂ ಮಗುವಿನ ಸರ್ವಾಂಗೀಣ ಬೆಳವಣಿಗೆಯನ್ನೂ, ಚಟುವಟಿಕೆ, ಅನ್ವೇಷಣೆ, ಶೋಧನೆಗಳ ಮೂಲಕ ಕಲಿಕೆಯನ್ನೂ ನೇರವಾಗಿಯೇ ಹೇಳುತ್ತದೆ. ದೇವದುರ್ಗದ ಮಗುವಿಗೆ ಇದು ಯಾರೋ ಕೊಡುವ ಉಡುಗೊರೆಯಲ್ಲ, ಅದರ ಹಕ್ಕು.

ಸರ್ವಾಂಗೀಣ ಎಂದ ಮೇಲೆ ಹೊಟ್ಟೆಯಿಂದಲೇ ಶುರು ಮಾಡಬೇಕು. ಹಸಿದ ಮಗು ಯಾವ ಕಾರ್ಡನ್ನೂ ಓದುವುದಿಲ್ಲ. ಬಿಸಿಯೂಟದ ಅಕ್ಷರ ದಾಸೋಹ ಯೋಜನೆ 2002ರಲ್ಲಿ ಮೊದಲು ಆರಂಭವಾದದ್ದು ರಾಯಚೂರು ಸೇರಿದಂತೆ ಈ ಭಾಗದ ಏಳು ಜಿಲ್ಲೆಗಳಲ್ಲಿ. 2013ರಲ್ಲಿ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ ಬಂತು. 2021ರ ಡಿಸೆಂಬರ್‌ನಲ್ಲಿ, ವಿರೋಧದ ನಡುವೆಯೂ, ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ತೊಡಗಿದ್ದೂ ಅಪೌಷ್ಟಿಕತೆ ಹೆಚ್ಚಿದ್ದ ಇದೇ ಸೀಮೆಯಲ್ಲಿ. ಊಟದ ಸಾಲನ್ನು ಪಾಠದ ನಡುವಿನ ಬಿಡುವು ಎಂದು ನೋಡಿದರೆ ಅರ್ಧ ಲಾಭ ಮಾತ್ರ. ಬೇರೆ ಬೇರೆ ಜಾತಿಯ ಮಕ್ಕಳು ಒಟ್ಟಿಗೆ ಕೂತು ಉಣ್ಣುವುದು, ಕೈ ತೊಳೆಯುವುದು, ಚಿಕ್ಕವರಿಗೆ ಬಡಿಸುವುದು, ತಟ್ಟೆ ಎಣಿಸುವುದು, ಇವೆಲ್ಲ ಯಾವ ಪುಸ್ತಕವೂ ಕಲಿಸಲಾರದ ಪಾಠಗಳು. ನಲಿ-ಕಲಿ ಕೋಣೆಯಲ್ಲೂ ಹಾಗೆಯೇ: ಗೆಳೆಯನಿಗೆ ಹೇಳಿಕೊಡುವ ಹುಡುಗಿ ತನ್ನ ಕಲಿಕೆಯನ್ನು ಗಟ್ಟಿ ಮಾಡಿಕೊಳ್ಳುವುದರ ಜೊತೆಗೆ, ತಾನೂ ಇನ್ನೊಬ್ಬರಿಗೆ ಕೊಡಬಲ್ಲೆ ಎಂಬುದನ್ನು ಅರಿಯುತ್ತಾಳೆ. ತಲೆಮಾರುಗಳಿಂದ ಓದು ದಕ್ಕದ ಮನೆಯ ಮಗುವಿಗೆ ಈ ಅರಿವು ಅಕ್ಷರದಷ್ಟೇ ಮುಖ್ಯ.

ಚಟುವಟಿಕೆಗೆ ಬೇಕಾದ ಸಾಮಗ್ರಿ ಪೇಟೆಯಿಂದ ಬರಬೇಕಿಲ್ಲ. ಈ ನೆಲವೇ ಅದರ ಉಗ್ರಾಣ. ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಶಾಸನ ಹೊತ್ತ, ಸುಮಾರು 41 ಅಡಿ ಉದ್ದದ ಚಪ್ಪಡಿಕಲ್ಲಿದೆ. ಅಂಥ ಕಲ್ಲನ್ನು ಬಂಡಿಗೆ ಹೇರಿ ಕೋಣಗಳ ಸಾಲು ಎಳೆದು ತರುವ ಚಿತ್ರವನ್ನೂ ಅದೇ ಗೋಡೆಯಲ್ಲಿ ಕೊರೆದಿದ್ದಾರೆ. ಕಾರಹುಣ್ಣಿಮೆಯ ಹೊತ್ತಿಗೆ ನಗರದ ಮುಂಗಾರು ಹಬ್ಬದಲ್ಲಿ ಎತ್ತುಗಳು ಭಾರದ ಕಲ್ಲು ಎಳೆಯುವ ಸ್ಪರ್ಧೆ ಇಂದಿಗೂ ನಡೆಯುತ್ತದೆ. ಕಲ್ಲಿನ ಉದ್ದವನ್ನು ಹೆಜ್ಜೆಯಲ್ಲಿ, ಮೊಳದಲ್ಲಿ, ಮೀಟರಿನಲ್ಲಿ ಅಳೆಯುವುದು, ಎಳೆಯಲು ಎಷ್ಟು ಕೋಣ ಬೇಕಾಗಿರಬಹುದೆಂದು ಊಹಿಸುವುದು, ಗಾಲಿ ಇದ್ದರೆ ಭಾರ ಏಕೆ ಹಗುರವಾಗುತ್ತದೆಂದು ಆಟಿಕೆ ಬಂಡಿಯಲ್ಲಿ ಮಾಡಿ ನೋಡುವುದು: ಲೆಕ್ಕ, ವಿಜ್ಞಾನ, ಇತಿಹಾಸ ಮೂರೂ ಒಂದೇ ಕಲ್ಲಿನಲ್ಲಿವೆ. ಎಪಿಎಂಸಿಯ ಹತ್ತಿಯ ತೂಕ ಮತ್ತು ದರ, ಕೃಷ್ಣೆ ತುಂಗಭದ್ರೆಯರ ನಡುವಿನ ದೋಆಬಿನ ನಕ್ಷೆ, ಕಾಲುವೆಗೆ ನೀರು ಬಿಡುವ ದಿನಗಳ ಲೆಕ್ಕ, ಇವು ಮಕ್ಕಳು ಮನೆಯಲ್ಲಿ ದಿನವೂ ಕೇಳುವ ಸಂಗತಿಗಳು. ಮಾನ್ವಿಯ ಜಗನ್ನಾಥದಾಸರು, ಮಾನ್ವಿ ತಾಲ್ಲೂಕಿನ ಚೀಕಲಪರವಿಯ ವಿಜಯದಾಸರು, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು ನಡೆದಾಡಿದ ಸೀಮೆಯಿದು. ಕೇಳಿ, ಹಾಡಿ, ನೆನಪಿಟ್ಟು ಕಲಿಯುವ ಪರಂಪರೆ ಇಲ್ಲಿಗೆ ಹೊಸದಲ್ಲ. ಲಂಬಾಣಿ ತಾಂಡಾದ ಹಾಡು, ಮೊಹರಂನ ಅಲಾಯಿ ಕುಣಿತ ತರಗತಿಯೊಳಗೆ ಬಂದಾಗ, ತನ್ನ ಮನೆ ಶಾಲೆಗೆ ಅಪರಿಚಿತವಲ್ಲ ಎಂದು ಮಗುವಿಗೆ ಅನ್ನಿಸುತ್ತದೆ.

ಆಕ್ಷೇಪಗಳಿವೆ, ಅವು ಹಗುರವಾದುವಲ್ಲ. ಮೊದಲನೆಯದು ಫಲಿತಾಂಶದ್ದು. ಇಷ್ಟು ವರ್ಷ ನಲಿ-ಕಲಿ ನಡೆದರೂ ಮಕ್ಕಳಿಗೆ ಓದು ಬರುತ್ತಿಲ್ಲವಲ್ಲ ಎಂದು ಪೋಷಕರೂ ಕೇಳುತ್ತಾರೆ, ಕೆಲವು ಶಿಕ್ಷಕರೂ ಕೇಳುತ್ತಾರೆ. ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆಯಂತೆ ರಾಜ್ಯದ ಗ್ರಾಮೀಣ ಭಾಗದ ಮೂರನೇ ತರಗತಿಯಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು 2018ರಲ್ಲಿ ಐವರಿಗೆ ಒಬ್ಬರಷ್ಟಿದ್ದರು. 2022ರಲ್ಲಿ ಹತ್ತರಲ್ಲಿ ಒಬ್ಬರೂ ಉಳಿಯಲಿಲ್ಲ. ಕೊರೊನಾ ಕಾಲದಲ್ಲಿ ಶಾಲೆಗಳು ಮುಚ್ಚಿದ್ದು ಎರಡನೆಯ ಅಂಕಿಗೆ ಕಾರಣವಿರಬಹುದು, ಮೊದಲನೆಯದಕ್ಕೆ ಆ ನೆಪವಿಲ್ಲ. ಆದರೆ ಈ ಅಂಕಿಗಳಲ್ಲಿ ಖಾಸಗಿ ಶಾಲೆಯ ಮಕ್ಕಳೂ ಸೇರಿದ್ದಾರೆ, ಅವರು ಏಣಿ ಹತ್ತಿದವರಲ್ಲ. ದೋಷ ಪದ್ಧತಿಯೊಂದರದೇ ಆಗಿದ್ದರೆ ಬಾಯಿಪಾಠದ ಶಾಲೆಗಳು ಎಲ್ಲರನ್ನೂ ಓದುವಂತೆ ಮಾಡಿರಬೇಕಿತ್ತು. ಏಣಿ ಗೋಡೆಯಲ್ಲಿದ್ದು ಕಾರ್ಡು ಹರಿದುಹೋಗಿದ್ದರೆ, ಶಿಕ್ಷಕಿಗೆ ತರಬೇತಿಯೇ ಸಿಕ್ಕಿಲ್ಲದಿದ್ದರೆ, ಓದಲು ಕಥೆ ಪುಸ್ತಕಗಳೇ ಇಲ್ಲದಿದ್ದರೆ ಅಲ್ಲಿ ಉಳಿದಿರುವುದು ನಲಿ-ಕಲಿಯ ಹೆಸರು ಮಾತ್ರ. ಹೆಸರಿನ ಸೋಲನ್ನು ವಿಧಾನದ ತಲೆಗೆ ಕಟ್ಟುವುದು ಸರಿಯಲ್ಲ.

ಎರಡನೆಯದು ಪೋಷಕರ ಆತಂಕ: ಆಡಿಕೊಂಡು ಕಲಿತರೆ ಇಂಗ್ಲಿಷ್ ಬರುವುದು ಯಾವಾಗ? ಕೂಲಿಯ ದುಡ್ಡಿನಲ್ಲಿ ಫೀ ಕಟ್ಟಿ ಮಗುವನ್ನು ಕಾನ್ವೆಂಟಿಗೆ ಕಳಿಸುವ ತಾಯಿಯ ಆಸೆಯನ್ನು ಹಗುರವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ಆಕೆ ಕೇಳುತ್ತಿರುವುದು ಮಗುವಿನ ಭವಿಷ್ಯದ ಭರವಸೆ. ಆ ಭರವಸೆಯನ್ನು ಶಾಲೆ ಕಣ್ಣಿಗೆ ಕಾಣುವಂತೆ ಕೊಡಬೇಕು. ತಿಂಗಳಿಗೊಮ್ಮೆ ಪೋಷಕರನ್ನು ಕರೆದು, ಏಣಿಯಲ್ಲಿ ನಿಮ್ಮ ಮಗು ಇಲ್ಲಿದೆ, ಇಷ್ಟು ಓದಬಲ್ಲದು, ಕೇಳಿ ನೋಡಿ ಎಂದು ಅವರೆದುರಿಗೇ ಓದಿಸಬೇಕು. ಓದಲು ಬಾರದ ತಾಯಿಗೂ ಅಂಕಪಟ್ಟಿಗಿಂತ ಇದು ಚೆನ್ನಾಗಿ ಅರ್ಥವಾಗುತ್ತದೆ. ಇಂಗ್ಲಿಷನ್ನೂ ಹಾಡು, ಸಂಭಾಷಣೆ, ಆಟಗಳಿಂದಲೇ ಆರಂಭಿಸಿದರೆ ನಾಲಿಗೆ ಸಲೀಸಾಗುತ್ತದೆ. ಅರ್ಥವಾಗದ ಭಾಷೆಯಲ್ಲಿ ಕಾಪಿ ಬರೆದ ಮಗುವಿಗೆ ಅಕ್ಷರದ ಆಕಾರ ಬಂದೀತು, ಭಾಷೆ ಬಾರದು.

ಮೂರನೆಯದು ಶಿಕ್ಷಕರದು, ಮೂರರಲ್ಲಿ ಅತ್ಯಂತ ನ್ಯಾಯವಾದದ್ದೂ ಅದೇ. ಒಬ್ಬರೇ ಶಿಕ್ಷಕರು ಮೂರು ತರಗತಿ, ಐದು ಗುಂಪು, ಜೊತೆಗೆ ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ, ಗಣತಿ, ಚುನಾವಣೆ ಎಲ್ಲವನ್ನೂ ನಿಭಾಯಿಸಬೇಕೆಂದರೆ ಯಾವ ವಿಧಾನವೂ ನಿಲ್ಲದು. ಪ್ರಾಥಮಿಕ ಹಂತದಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕೆಂದು ಕಾಯ್ದೆ ಹೇಳುತ್ತದೆ. ಈ ಭಾಗದಲ್ಲಿ ಖಾಲಿ ಹುದ್ದೆಗಳನ್ನು ತುಂಬುತ್ತಿರುವವರು ಬಹುಪಾಲು ಅತಿಥಿ ಶಿಕ್ಷಕರು. ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿ ಬಂದು ದಶಕ ದಾಟಿದೆ, ಕಲ್ಯಾಣ ಕರ್ನಾಟಕಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿಯೂ ಇದೆ. ಮಂಡಳಿಯ ಹಣ ಕಟ್ಟಡಕ್ಕೆ ಹೋದಷ್ಟು ಸುಲಭವಾಗಿ ಕಾಯಂ ಶಿಕ್ಷಕರ ನೇಮಕಕ್ಕೆ, ಪ್ರತಿ ಜೂನ್‌ನಲ್ಲಿ ಹೊಸ ಕಾರ್ಡುಗಳಿಗೆ, ತರಗತಿ ಗ್ರಂಥಾಲಯಕ್ಕೆ ಹೋಗುವಂತಾಗಬೇಕು. ಯರಮರಸ್‌ನ ಜಿಲ್ಲಾ ಶಿಕ್ಷಣ ತರಬೇತಿ ಸಂಸ್ಥೆ (ಡಯಟ್) ಮತ್ತು ತಾಲ್ಲೂಕಿನ ಸಂಪನ್ಮೂಲ ವ್ಯಕ್ತಿಗಳಾದ ಸಿಆರ್‌ಪಿಗಳ ಕೆಲಸ ವರದಿ ತುಂಬುವುದಕ್ಕೆ ಮುಗಿಯಬಾರದು. ತರಗತಿಯಲ್ಲಿ ಶಿಕ್ಷಕಿಯ ಪಕ್ಕ ಕೂತು, ಒಂದು ಗುಂಪನ್ನು ತಾವೂ ನಡೆಸಿ, ತೊಡಕು ಎಲ್ಲಿದೆ ಎಂದು ನೋಡುವುದೇ ನಿಜವಾದ ಬೆಂಬಲ.

ಇನ್ನೊಂದು ಕೊರತೆ ಏಣಿಯ ತುದಿಯಲ್ಲಿದೆ. ಮೂರನೇ ತರಗತಿಯವರೆಗೆ ಕಾರ್ಡು, ಗುಂಪು, ಹಾಡುಗಳಲ್ಲಿ ಕಲಿತ ಮಗು ನಾಲ್ಕಕ್ಕೆ ಹೋದೊಡನೆ ಪುಸ್ತಕದ ಮುಂದೆ ಸುಮ್ಮನೆ ಕೂರಬೇಕಾಗುತ್ತದೆ. ಅಕ್ಷರ ಫೌಂಡೇಶನ್ ಮತ್ತು ಸರ್ಕಾರ ಸೇರಿ ನಡೆಸಿದ ‘ಗಣಿತ ಕಲಿಕಾ ಆಂದೋಲನ’ ನಾಲ್ಕು, ಐದನೇ ತರಗತಿಗಳಿಗೆ ಮಣಿಕಟ್ಟು, ಭಿನ್ನರಾಶಿಯ ತುಂಡುಗಳು, ಸ್ಥಾನಬೆಲೆಯ ಪಟ್ಟಿಗಳಿರುವ ಕಿಟ್ ಕೊಟ್ಟು, ಮೇಲಿನ ತರಗತಿಗಳಲ್ಲೂ ಕೈಯಿಂದ ಕಲಿಯಬಹುದೆಂದು ಈ ಭಾಗದ ಶಾಲೆಗಳಲ್ಲೇ ತೋರಿಸಿತು. ಆ ಕಿಟ್‌ಗಳು ಕಪಾಟಿನಿಂದ ಹೊರಬಂದು ದಿನದ ಪಾಠದ ಭಾಗವಾಗಬೇಕು. ಭಾಷೆಗೂ ಪರಿಸರ ಅಧ್ಯಯನಕ್ಕೂ ಇಂಥದೇ ಮುಂದುವರಿಕೆ ಬೇಕು. ಗುಳೆ ಹೋಗುವ ಮಗುವಿನ ಜೊತೆ ಅದು ಏಣಿಯಲ್ಲಿ ಎಲ್ಲಿತ್ತು ಎಂಬ ಒಂದು ಚೀಟಿ ಹೋದರೂ ಸಾಕು, ಬೆಂಗಳೂರಿನ ಯಾವ ಸರ್ಕಾರಿ ಶಾಲೆಯೂ ಅಲ್ಲಿಂದ ಮುಂದುವರಿಸಬಹುದು. ಇವುಗಳಲ್ಲಿ ಒಂದೂ ಅಸಾಧ್ಯವಲ್ಲ, ಹೆಚ್ಚಿನವು ದುಬಾರಿಯೂ ಅಲ್ಲ. ಹಿಂದುಳಿದ ಜಿಲ್ಲೆಗೆ ಕನಿಷ್ಠ ಸಾಕು ಎಂಬ ಎಣಿಕೆಯನ್ನು ಬಿಡಬೇಕು. ಇಲ್ಲಿನ ಮಗುವಿಗೆ ಮನೆಯಲ್ಲಿ ಸಿಗದ್ದನ್ನೆಲ್ಲ ಶಾಲೆಯೇ ಕೊಡಬೇಕಾಗಿರುವುದರಿಂದ, ರಾಜ್ಯದ ಅತ್ಯುತ್ತಮ ಪ್ರಾಥಮಿಕ ಶಾಲೆಗಳು ಇರಬೇಕಾದದ್ದು ದೇವದುರ್ಗದಲ್ಲಿ, ಮಾನ್ವಿಯಲ್ಲಿ, ರಾಯಚೂರಿನ ಓಣಿಗಳಲ್ಲಿ.