ಕಾಗೆ ಕೂತಾಗಲೇ ಮುರಿದ ಕೊಂಬೆ

2025ರ ಡಿಸೆಂಬರ್ 6. ವಿಶಾಖಪಟ್ಟಣದ ಮೈದಾನದ ನಡುವೆ ನಿಂತು ಕೆ.ಎಲ್. ರಾಹುಲ್ ಎಡಗೈಯಿಂದ ನಾಣ್ಯ ಚಿಮ್ಮಿದರು. ದಕ್ಷಿಣ ಆಫ್ರಿಕಾ ವಿರುದ್ಧದ ಮೂರನೇ ಏಕದಿನ ಪಂದ್ಯ, ಸರಣಿ 1–1ರಲ್ಲಿ ನಿಂತಿತ್ತು. ನಾಣ್ಯ ನೆಲಕ್ಕೆ ಬಿತ್ತು, ಟಾಸ್ ಭಾರತದ್ದಾಯಿತು. ಸುರತ್ಕಲ್‌ನಲ್ಲಿ ಬೆಳೆದ ಈ ನಾಯಕ ಮುಷ್ಟಿ ಬಿಗಿದು ಖುಷಿಪಟ್ಟದ್ದನ್ನು ಕಂಡವರಿಗೆ ಅವರು ಶತಕವನ್ನೇ ಬಾರಿಸಿದರೇನೋ ಅನ್ನಿಸಬೇಕು.

ಅವರ ಖುಷಿಗೆ ಕಾರಣವಿತ್ತು. 2023ರ ನವೆಂಬರ್ 19ರಂದು ಅಹಮದಾಬಾದಿನ ವಿಶ್ವಕಪ್ ಫೈನಲ್‌ನಲ್ಲಿ ಟಾಸ್ ಸೋತ ಭಾರತ, ಅಲ್ಲಿಂದಾಚೆಗೆ ಏಕದಿನ ಪಂದ್ಯಗಳಲ್ಲಿ ಟಾಸ್ ಗೆದ್ದಿರಲೇ ಇಲ್ಲ. ರೋಹಿತ್ ಶರ್ಮಾ ಸತತ 12 ಸೋತರು. ಶುಭಮನ್ ಗಿಲ್ ಆಸ್ಟ್ರೇಲಿಯಾದಲ್ಲಿ ಮೂರಕ್ಕೆ ಮೂರೂ ಸೋತರು. ಉಳಿದವು ರಾಹುಲ್ ಲೆಕ್ಕಕ್ಕೆ. ಒಟ್ಟು 20. ಇದಕ್ಕೆ ಮೊದಲು ಇಂಥ ದಾಖಲೆಯಿದ್ದದ್ದು ನೆದರ್ಲೆಂಡ್ಸ್ ಹೆಸರಿನಲ್ಲಿ. ಅದು ಬರೀ 11.

ಇಪ್ಪತ್ತು ಸಲ ಸಾಲಾಗಿ ಟಾಸ್ ಸೋಲುವ ಸಂಭವ ಎಷ್ಟು? ಎರಡನ್ನು ಇಪ್ಪತ್ತು ಸಲ ಗುಣಿಸಿದರೆ 10,48,576. ಅಷ್ಟರಲ್ಲಿ ಒಂದು. ಈ ಅಂಕಿ ಕೇಳಿದವರ ಬಾಯಲ್ಲಿ ಸಹಜವಾಗಿಯೇ ‘ಗ್ರಹಚಾರ’, ‘ದೃಷ್ಟಿ ತಾಗಿದೆ’ ಎಂಬ ಮಾತುಗಳು ಬರುತ್ತವೆ. ಹತ್ತು ಲಕ್ಷಕ್ಕೊಂದು ಎನ್ನುವಂಥದ್ದು ಸುಮ್ಮಸುಮ್ಮನೆ ನಡೆದೀತೇ?

ಇಲ್ಲಿ ಕೊಂಚ ನಿಲ್ಲಬೇಕು. ಆ ಲೆಕ್ಕ ತಪ್ಪಲ್ಲ, ಪ್ರಶ್ನೆ ತಪ್ಪು. ‘ಇಂಥ ದಿನದಿಂದ, ಇಂಥದೇ ತಂಡ, ಮುಂದಿನ ಇಪ್ಪತ್ತೂ ಸೋಲುತ್ತದೆಯೇ’ ಎಂದು ಮೊದಲೇ ಕೇಳಿಟ್ಟಿದ್ದರೆ ಉತ್ತರ ಹತ್ತು ಲಕ್ಷಕ್ಕೊಂದು. ಯಾರೂ ಹಾಗೆ ಕೇಳಿರಲಿಲ್ಲ. 1971ರಿಂದ ಈಚೆಗೆ ಹತ್ತಿರ ಹತ್ತಿರ ಐದು ಸಾವಿರ ಏಕದಿನ ಪಂದ್ಯಗಳು ನಡೆದಿವೆ. ಪಂದ್ಯಕ್ಕೆ ಎರಡು ತಂಡ. ಇಪ್ಪತ್ತು ಸೋಲಿನ ಸರಪಳಿ ಶುರುವಾಗಲು ಸುಮಾರು ಹತ್ತು ಸಾವಿರ ಜಾಗಗಳಿದ್ದವು. ಯಾವುದೋ ಒಂದು ತಂಡಕ್ಕೆ, ಯಾವತ್ತೋ ಒಮ್ಮೆ ಹೀಗಾಗುವ ಸಂಭವ ಲೆಕ್ಕ ಹಾಕಿದರೆ ಅದು ಇನ್ನೂರಕ್ಕೊಂದರ ಆಸುಪಾಸಿಗೆ ಇಳಿಯುತ್ತದೆ. ಟೆಸ್ಟ್, ಟಿ20 ಪಂದ್ಯಗಳನ್ನೂ ಸೇರಿಸಿ, ಇಪ್ಪತ್ತು ಸಲ ಸತತ ಗೆಲ್ಲುವುದೂ ಸುದ್ದಿಯೇ ಆದ್ದರಿಂದ ಅದನ್ನೂ ಕೂಡಿಸಿಕೊಂಡರೆ ಐವತ್ತಕ್ಕೊಂದರ ಹತ್ತಿರ ಬರುತ್ತದೆ. ಅಪರೂಪವೇ. ಆದರೆ ಗ್ರಹಗಳನ್ನು ಎಳೆದು ತರುವಷ್ಟು ಅಪರೂಪವಲ್ಲ.

ನಡೆದದ್ದನ್ನು ನಡೆದ ಮೇಲೆ ನೋಡಿ ಬೆರಗಾಗುವುದು, ನಡೆಯಬಹುದಾಗಿದ್ದ ಸಾವಿರಾರು ಸಂಗತಿಗಳನ್ನು ಎಣಿಕೆಗೇ ತೆಗೆದುಕೊಳ್ಳದಿರುವುದು: ಅದೃಷ್ಟದ ವಿಷಯದಲ್ಲಿ ಮನಸ್ಸು ಹಿಡಿಯುವ ಮೊದಲ ಅಡ್ಡದಾರಿ ಇದು.

ನಾಣ್ಯ ಚಿಮ್ಮುವುದನ್ನೇ ತಪಸ್ಸಿನಂತೆ ಮಾಡಿದವರಿದ್ದಾರೆ. ಆಮ್‌ಸ್ಟರ್‌ಡಾಮ್ ವಿಶ್ವವಿದ್ಯಾಲಯದ ಫ್ರಾಂಟಿಶೆಕ್ ಬಾರ್ತೊಶ್ ಮತ್ತು ಸಂಗಡಿಗರು, 48 ಮಂದಿ ಸೇರಿ, 3,50,757 ಸಲ ನಾಣ್ಯ ಚಿಮ್ಮಿ ಎಣಿಸಿದರು. ಚಿಮ್ಮುವ ಮೊದಲು ಮೇಲಿದ್ದ ಮುಖವೇ ಮತ್ತೆ ಮೇಲಾದದ್ದು ಶೇ 50.8ರಷ್ಟು. ಇಂಥದೊಂದು ಸಣ್ಣ ವಾಲು ಇರಬೇಕೆಂದು ಗಣಿತಜ್ಞ ಪರ್ಸಿ ಡಯಾಕೊನಿಸ್ 2007ರಲ್ಲೇ ಹೇಳಿದ್ದರು. ವಾಲು ಅಷ್ಟೇ. ನಾಣ್ಯಕ್ಕೆ ನೆನಪಿಲ್ಲ, ಹಗೆಯೂ ಇಲ್ಲ. ಹತ್ತೊಂಬತ್ತು ಸಲ ಸೋತವರ ಮೇಲೆ ಇಪ್ಪತ್ತನೆಯ ಸಲ ಅದಕ್ಕೆ ಕರುಣೆಯೂ ಹುಟ್ಟುವುದಿಲ್ಲ.

ಕರುಣೆ ಹುಟ್ಟೀತೆಂದು ನಂಬಿದವರ ಕತೆ ಮಾಂಟೆ ಕಾರ್ಲೊದ ಜೂಜುಕಟ್ಟೆಯಲ್ಲಿದೆ. 1913ರ ಆಗಸ್ಟ್ 18ರ ರಾತ್ರಿ ಅಲ್ಲಿನ ರೂಲೆಟ್ ಚಕ್ರದಲ್ಲಿ ಗೋಲಿ ಕಪ್ಪು ಮನೆಗೆ ಬೀಳತೊಡಗಿತು. ಮತ್ತೆ ಕಪ್ಪು, ಮತ್ತೂ ಕಪ್ಪು. ಹದಿನೈದರ ಸುಮಾರಿಗೆ ಜನ ಕೆಂಪಿನ ಮೇಲೆ ಮುಗಿಬಿದ್ದರು. ಇಷ್ಟು ಕಪ್ಪು ಬಂದಮೇಲೆ ಇನ್ನು ಕೆಂಪು ಬರಲೇಬೇಕಲ್ಲ! ಪ್ರತಿ ಸುತ್ತಿಗೂ ಪಣ ಏರುತ್ತ ಹೋಯಿತು. ಕೆಂಪು ಬರುವ ಹೊತ್ತಿಗೆ ಕಪ್ಪು 26 ಸಲ ಬಂದಾಗಿತ್ತು, ಜನರ ಹಣ ಕಟ್ಟೆಯ ಪಾಲಾಗಿತ್ತು. ಮನಶ್ಶಾಸ್ತ್ರಜ್ಞರು ಇದನ್ನು ಜೂಜುಗಾರನ ಭ್ರಮೆ ಎನ್ನುತ್ತಾರೆ. ಆದರೆ ಇದು ಜೂಜುಗಾರರಿಗೆ ಮಾತ್ರ ಮೀಸಲಲ್ಲ. ಮೂರು ಹೆಣ್ಣುಮಕ್ಕಳಾದ ಮನೆಯಲ್ಲಿ ‘ಈ ಸಲ ಗಂಡೇ’ ಎಂದು ಹಿರಿಯರು ಖಚಿತವಾಗಿ ಹೇಳುವಾಗಲೂ ಇದೇ ಗೋಲಿ ಉರುಳುತ್ತಿರುತ್ತದೆ.

ಆಕಸ್ಮಿಕದ ನಿಜವಾದ ಮುಖ ಹೇಗಿರುತ್ತದೆ? ಈ ಪ್ರಶ್ನೆಗೆ ಅತ್ಯಂತ ಚಂದದ ಉತ್ತರ ಸಿಕ್ಕಿದ್ದು ಎರಡನೇ ಮಹಾಯುದ್ಧದ ಲಂಡನ್ನಿನಿಂದ. 1944ರ ಜೂನ್‌ನಿಂದ ಜರ್ಮನಿಯ ವಿ–1 ಹಾರುವ ಬಾಂಬುಗಳು ಆ ನಗರದ ಮೇಲೆ ಬೀಳತೊಡಗಿದವು. ಕೆಲವು ಬೀದಿಗಳಿಗೆ ಮೇಲಿಂದ ಮೇಲೆ ಪೆಟ್ಟು. ಕೆಲವು ಬಡಾವಣೆಗಳಿಗೆ ಒಂದೂ ಇಲ್ಲ. ಶತ್ರು ಗುರಿಯಿಟ್ಟೇ ಹೊಡೆಯುತ್ತಿದ್ದಾನೆ, ಪೆಟ್ಟು ಬೀಳದ ಕಡೆ ಅವನ ಬೇಹುಗಾರರಿದ್ದಾರೆ ಎಂಬ ಗುಸುಗುಸು ಹಬ್ಬಿತು. ಭಯದಲ್ಲಿರುವವರು ಹಾಗೆ ಯೋಚಿಸಿದ್ದರಲ್ಲಿ ತಪ್ಪೇನಿಲ್ಲ. ಎಲ್ಲಿ ಮಲಗಿದರೆ ಬೆಳಗ್ಗೆ ಏಳಬಹುದು ಎಂಬುದು ಅವರಿಗೆ ಜೀವದ ಪ್ರಶ್ನೆಯಾಗಿತ್ತು.

ಯುದ್ಧ ಮುಗಿದ ಮೇಲೆ, 1946ರಲ್ಲಿ, ವಿಮಾ ಲೆಕ್ಕಪರಿಣತ ಆರ್.ಡಿ. ಕ್ಲಾರ್ಕ್ ಒಂದು ಪುಟ್ಟ ಲೇಖನ ಪ್ರಕಟಿಸಿದರು. ದಕ್ಷಿಣ ಲಂಡನ್ನಿನ 144 ಚದರ ಕಿಲೋಮೀಟರ್ ನಕ್ಷೆಯನ್ನು ಅವರು 576 ಸಮನಾದ ಚೌಕಗಳಾಗಿ ಗೆರೆ ಎಳೆದುಕೊಂಡರು. ಅಲ್ಲಿ ಬಿದ್ದದ್ದು 537 ಬಾಂಬು, ಸರಾಸರಿ ಚೌಕಕ್ಕೆ ಒಂದಕ್ಕಿಂತ ತುಸು ಕಡಿಮೆ. ಗುರಿಯೇ ಇಲ್ಲದೆ, ಬರೀ ಆಕಸ್ಮಿಕವಾಗಿ ಬಿದ್ದಿದ್ದರೆ ಎಷ್ಟು ಚೌಕಗಳು ಖಾಲಿ ಉಳಿಯಬೇಕಿತ್ತು? ಇಂಥ ಆಕಸ್ಮಿಕಗಳನ್ನು ಲೆಕ್ಕ ಹಾಕುವ ಪ್ವಾಸಾನ್ ಸೂತ್ರದ ಪ್ರಕಾರ ಸುಮಾರು 227. ಉಳಿದಿದ್ದು 229. ಒಂದೇ ಬಾಂಬು ಬೀಳಬೇಕಿದ್ದ ಚೌಕಗಳು 211, ಬಿದ್ದದ್ದು 211ರಲ್ಲೇ. ನಾಲ್ಕು ಬಾಂಬು ಬೀಳಬೇಕಿದ್ದದ್ದು 7 ಚೌಕಗಳಲ್ಲಿ, ಬಿದ್ದದ್ದೂ 7ರಲ್ಲಿ. ಲಂಡನ್ನಿನವರು ಶತ್ರುವಿನ ಸಂಚನ್ನು ಕಂಡಲ್ಲಿ ಇದ್ದದ್ದು ಬರೀ ಆಕಸ್ಮಿಕ.

ಕೆಂಪು–ಬಿಳಿ ಚೌಕುಳಿಯ ನೆಲದ ಮೇಲೆ ಒಂದು ಹಿಡಿ ರಾಗಿ ಎರಚಿ ನೋಡಿದರೆ ಮನೆಯಲ್ಲೇ ಇದು ಕಾಣುತ್ತದೆ. ಕಾಳು ಚೌಕಕ್ಕೊಂದರಂತೆ ಹೋಗಿ ಕೂರುವುದಿಲ್ಲ. ಇಲ್ಲಿ ನಾಲ್ಕು ಗುಂಪಾಗಿ, ಅಲ್ಲಿ ಬಯಲು. ಹಂಚಿಟ್ಟಂತೆ ಒಪ್ಪವಾಗಿ ಕೂತಿದ್ದರೆ ಯಾರೋ ಕೈಯಾರೆ ಇಟ್ಟಿದ್ದಾರೆಂದು ಅನುಮಾನಿಸಬೇಕು. ಆಕಸ್ಮಿಕವೆಂದರೆ ಸಮಪಾಲು ಎಂದು ನಾವು ಎಣಿಸುತ್ತೇವೆ. ಅದು ಗುಂಪುಗುಂಪಾಗಿ ಬರುತ್ತದೆ. ಈ ಎಣಿಕೆ ಎಷ್ಟು ಗಟ್ಟಿಯೆಂದರೆ ಆಪಲ್ ಕಂಪನಿಯೂ ಅದಕ್ಕೆ ಮಣಿಯಿತು. ಐಪಾಡ್ ಹಾಡುಗಳನ್ನು ಅಡ್ಡಾದಿಡ್ಡಿಯಾಗಿ ನುಡಿಸುವಾಗ ಒಬ್ಬರೇ ಗಾಯಕರು ಸಾಲಾಗಿ ಬರುತ್ತಾರೆಂದು ಬಳಕೆದಾರರು ದೂರಿದಾಗ, 2005ರಲ್ಲಿ ಸ್ಟೀವ್ ಜಾಬ್ಸ್ ಹೊಸ ಸೌಲಭ್ಯವೊಂದನ್ನು ತಂದರು. ಯಾದೃಚ್ಛಿಕ ಅನ್ನಿಸಲೆಂದೇ ಯಾದೃಚ್ಛಿಕತೆಯನ್ನು ಕಡಿಮೆ ಮಾಡಿದ್ದೇವೆ ಎಂದು ಅವರೇ ವಿವರಿಸಿದರು.

ಪರಿಣತರೂ ಇಲ್ಲಿ ಎಡವಿದ್ದಾರೆ. ಬ್ಯಾಸ್ಕೆಟ್‌ಬಾಲ್ ಆಟಗಾರರ ‘ಕೈ ಕುದುರುವುದು’, ಅಂದರೆ ಸಾಲಾಗಿ ಬುಟ್ಟಿಗೆ ಹಾಕಿದವರು ಮುಂದಿನದನ್ನೂ ಹಾಕುವ ಸಂಭವ ಹೆಚ್ಚುವುದು, ಬರೀ ಭ್ರಮೆ ಎಂದು 1985ರಲ್ಲಿ ಸಂಶೋಧಕರಾದ ಗಿಲೊವಿಚ್, ವ್ಯಾಲೋನ್, ಟ್ವೆರ್ಸ್ಕಿ ತೋರಿಸಿದ್ದರು. ಮೂರು ದಶಕ ಎಲ್ಲರೂ ಅದನ್ನೇ ಪಾಠ ಮಾಡಿದರು. 2018ರಲ್ಲಿ ಮಿಲ್ಲರ್ ಮತ್ತು ಸಂಹುರ್ಹೊ ಆ ಲೆಕ್ಕದೊಳಗೇ ಒಂದು ಸೂಕ್ಷ್ಮ ದೋಷ ಅಡಗಿದೆಯೆಂದು ತೋರಿಸಿದರು. ಸರಿಪಡಿಸಿದಾಗ ಕೈ ಕುದುರುವುದಕ್ಕೆ ಪುರಾವೆಯೇ ಸಿಕ್ಕಿತು. ಈ ವಿಷಯದಲ್ಲಿ ವಿನಯ ಎಲ್ಲರಿಗೂ ಬೇಕು.

ಕನ್ನಡಕ್ಕೆ ಈ ಗೊಂದಲ ಹಳೆಯ ಪರಿಚಯ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂಬ ಗಾದೆ ಹಳ್ಳಿಯ ಜಗಲಿಯಲ್ಲಿ ಹುಟ್ಟಿದ್ದು. ಸಂಸ್ಕೃತದ ಕಾಕತಾಳೀಯದಲ್ಲಿ ಕಾಗೆ ಅದೇ, ಕೊಂಬೆಯ ಬದಲು ತಾಳೆಹಣ್ಣು. ಕಾಗೆಯ ಭಾರಕ್ಕೆ ಕೊಂಬೆ ಮುರಿಯಲಿಲ್ಲ ಎಂದು ಗಾದೆ ಮಾಡಿದವರಿಗೆ ಗೊತ್ತಿತ್ತು. ಆದರೂ ಕಣ್ಣೆದುರು ಕೊಂಬೆ ಮುರಿದಾಗ ಕಾಗೆಯನ್ನು ಬಿಟ್ಟುಬಿಡುವುದು ಕಷ್ಟ.

ಪಾರಿವಾಳಗಳಿಗೂ ಕಷ್ಟವೇ. ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ 1948ರಲ್ಲಿ ಎಂಟು ಹಸಿದ ಪಾರಿವಾಳಗಳನ್ನು ಪೆಟ್ಟಿಗೆಗಳಲ್ಲಿಟ್ಟು, ಅವು ಏನೇ ಮಾಡಲಿ ಬಿಡಲಿ, ನಿಗದಿತ ಹೊತ್ತಿಗೊಮ್ಮೆ ಕಾಳು ಬರುವಂತೆ ಮಾಡಿದರು. ಕೆಲವೇ ದಿನಗಳಲ್ಲಿ ಒಂದು ಹಕ್ಕಿ ಗಿರಗಿರನೆ ಸುತ್ತತೊಡಗಿತ್ತು, ಇನ್ನೊಂದು ಪೆಟ್ಟಿಗೆಯ ಮೂಲೆಗೆ ತಲೆ ಚಾಚುತ್ತಿತ್ತು, ಮತ್ತೊಂದು ಲೋಲಕದಂತೆ ತೂಗುತ್ತಿತ್ತು. ಕಾಳು ಬಿದ್ದ ಗಳಿಗೆಯಲ್ಲಿ ತಾನು ಏನು ಮಾಡುತ್ತಿದ್ದೆನೋ ಅದರಿಂದಲೇ ಕಾಳು ಬಿತ್ತೆಂಬಂತೆ ಅವು ನಡೆದುಕೊಂಡವು.

ಚೌಕಾಬಾರ ಆಡಿದವರು ಕವಡೆ ಹಾಕುವ ಕೈಗಳನ್ನು ನೆನೆಸಿಕೊಳ್ಳಲಿ. ಚೌಕ ಬೇಕಾದಾಗ ಕವಡೆಗಳನ್ನು ಅಂಗೈಯಲ್ಲಿ ಉಜ್ಜುವುದೇನು, ಬಾಯಿಯ ಹತ್ತಿರ ಹಿಡಿದು ಉಫ್ ಎನ್ನುವುದೇನು. ಒಂದೇ ಸಾಕೆನ್ನುವಾಗ ಮೆಲ್ಲಗೆ ಜಾರಿಬಿಡುವುದು. ಅಮೆರಿಕದ ಸಮಾಜಶಾಸ್ತ್ರಜ್ಞ ಜೇಮ್ಸ್ ಹೆನ್ಸ್ಲಿನ್ 1967ರಲ್ಲಿ ದಾಳ ಎಸೆಯುವ ಟ್ಯಾಕ್ಸಿ ಚಾಲಕರಲ್ಲಿ ಕಂಡದ್ದೂ ಇದನ್ನೇ: ದೊಡ್ಡ ಸಂಖ್ಯೆಗೆ ಜೋರಾದ ಎಸೆತ, ಸಣ್ಣದಕ್ಕೆ ಮೆದು ಎಸೆತ. ಕೈ ಸೋಕಿದ ಮಾತ್ರಕ್ಕೆ ಫಲ ನಮ್ಮದಾಗುತ್ತದೆಂಬ ಈ ನಂಬಿಕೆಗೆ ಮನಶ್ಶಾಸ್ತ್ರಜ್ಞೆ ಎಲೆನ್ ಲ್ಯಾಂಗರ್ 1975ರಲ್ಲಿ ಬೆಲೆಯನ್ನೇ ಕಟ್ಟಿ ತೋರಿಸಿದರು. ಒಂದು ಡಾಲರಿನ ಲಾಟರಿ ಚೀಟಿಯನ್ನು ಕೆಲವರು ತಾವೇ ಆರಿಸಿಕೊಂಡರು, ಕೆಲವರು ಕೊಟ್ಟದ್ದನ್ನು ಇಟ್ಟುಕೊಂಡರು. ಮರಳಿ ಮಾರುತ್ತೀರಾ ಎಂದು ಕೇಳಿದಾಗ, ಕೊಟ್ಟದ್ದನ್ನು ಪಡೆದವರು ಸರಾಸರಿ 1.96 ಡಾಲರ್ ಹೇಳಿದರು. ತಾವೇ ಆರಿಸಿದವರು ಹೇಳಿದ್ದು 8.67.

ಕರ್ನಾಟಕದಲ್ಲಿ ಲಾಟರಿ 2007ರಲ್ಲಿ ನಿಂತಿತು. ಕೇರಳದಲ್ಲಿ 1967ರಿಂದ ಸರ್ಕಾರವೇ ನಡೆಸುತ್ತಿದೆ. 2024ರ ತಿರುವೋಣಂ ಬಂಪರ್, 25 ಕೋಟಿ ರೂಪಾಯಿ, ಕರ್ನಾಟಕದವರೊಬ್ಬರಿಗೆ ಬಂತು. ಆ ಸುದ್ದಿ ಓದಿದ ಎಷ್ಟು ಮಂದಿಗೆ ಗಡಿಯಾಚೆ ಹೋಗಿ ತಾವೂ ಒಂದು ಚೀಟಿ ತರುವ ಆಸೆ ಹುಟ್ಟಿರಬೇಡ! ಅದೇ ಬಂಪರಿನ ಚೀಟಿಗಳು ಐನೂರು ರೂಪಾಯಿಗೊಂದರಂತೆ ಎಪ್ಪತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಗಿದ್ದವು. ಗೆದ್ದವರ ಫೋಟೊ ಪತ್ರಿಕೆಯಲ್ಲಿ ಬರುತ್ತದೆ. ಸೋತವರದ್ದು ಹಾಕಲು ಯಾವ ಪತ್ರಿಕೆಯಲ್ಲೂ ಅಷ್ಟು ಪುಟಗಳಿಲ್ಲ.

ಅದೃಷ್ಟ ಎಂಬ ಪದಕ್ಕೆ ಕಾಣದಿರುವುದು ಎಂದೇ ಮೂಲ ಅರ್ಥ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ರಿಚರ್ಡ್ ವೈಸ್‌ಮನ್ ಮಾಡಿದ ಒಂದು ಪ್ರಯೋಗಕ್ಕೆ ಈ ಅರ್ಥ ಹೇಳಿ ಮಾಡಿಸಿದಂತಿದೆ. ತಾವು ಅದೃಷ್ಟವಂತರು ಅಥವಾ ದುರದೃಷ್ಟರು ಎಂದು ಹೇಳಿಕೊಂಡವರ ಕೈಗೆ ಪತ್ರಿಕೆಯೊಂದನ್ನು ಕೊಟ್ಟು, ಅದರಲ್ಲಿರುವ ಚಿತ್ರಗಳನ್ನು ಎಣಿಸಲು ಹೇಳಿದರು. ಎರಡನೇ ಪುಟದಲ್ಲೇ ದಪ್ಪ ಅಕ್ಷರದಲ್ಲಿ, ಎಣಿಕೆ ನಿಲ್ಲಿಸಿ, ಇದರಲ್ಲಿ 43 ಚಿತ್ರಗಳಿವೆ ಎಂದು ಅಚ್ಚಾಗಿತ್ತು. ದುರದೃಷ್ಟರೆಂದುಕೊಂಡವರಲ್ಲಿ ಹೆಚ್ಚಿನವರಿಗೆ ಅದು ಕಾಣಲಿಲ್ಲ. ಎಣಿಸುವ ಆತಂಕದಲ್ಲಿ ಅವರ ಕಣ್ಣು ಚಿತ್ರಗಳಿಗೆ ಮಾತ್ರ ಅಂಟಿಕೊಂಡಿತ್ತು.

ಕಾಗೆಯನ್ನು ದೂರುವ ಚಾಳಿಯಿಂದ ಶಾಲೆಯ ಮಕ್ಕಳಿಗೂ ಪೆಟ್ಟು ಬೀಳುತ್ತದೆ. ಇಸ್ರೇಲಿನ ವಾಯುಪಡೆಯ ತರಬೇತುದಾರರಿಗೆ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಒಮ್ಮೆ ಉಪನ್ಯಾಸ ನೀಡುತ್ತ, ಬೈಗುಳಕ್ಕಿಂತ ಮೆಚ್ಚುಗೆಯಿಂದ ಕಲಿಕೆ ಸುಧಾರಿಸುತ್ತದೆ ಎಂದರು. ಹಿರಿಯ ತರಬೇತುದಾರರೊಬ್ಬರು ಎದ್ದು ನಿಂತು ಒಪ್ಪಲಾರೆ ಎಂದರು. ಚೆನ್ನಾಗಿ ಹಾರಿಸಿದವನನ್ನು ಹೊಗಳಿದರೆ ಮರುಸಲ ಕೆಡಿಸುತ್ತಾನೆ, ಕೆಟ್ಟದಾಗಿ ಹಾರಿಸಿದವನಿಗೆ ಗದರಿದರೆ ಸುಧಾರಿಸುತ್ತಾನೆ ಎಂಬುದು ಅವರ ಅನುಭವ. ಅನುಭವ ಸುಳ್ಳಲ್ಲ, ಕಾರಣ ಮಾತ್ರ ಬೇರೆ. ಎಂದಿಗಿಂತ ತುಂಬ ಚೆನ್ನಾಗಿ ಆದ ದಿನದ ಮರುದಿನ, ಎಂದಿಗಿಂತ ತುಂಬ ಕೆಟ್ಟ ದಿನದ ಮರುದಿನ, ಯಾರೇ ಆಗಲಿ ತಮ್ಮ ಸರಾಸರಿಯ ಕಡೆ ಮರಳುತ್ತಾರೆ. ಹೊಗಳಿದರೂ ಅಷ್ಟೆ, ಗದರಿದರೂ ಅಷ್ಟೆ. ನೂರಕ್ಕೆ ಮೂವತ್ತು ಬಂದ ಮಗುವಿಗೆ ಬೆತ್ತದ ರುಚಿ ತೋರಿಸಿ, ಮುಂದಿನ ಸಲ ನಲವತ್ತೆರಡು ಬಂದಾಗ ಬೆತ್ತವನ್ನು ನಂಬಿದ ಮೇಷ್ಟ್ರು ಎಷ್ಟು ಮಂದಿಯೋ.

ಇದಕ್ಕಿಂತ ದೊಡ್ಡ ಗಾಯವೊಂದು ನಮ್ಮ ಮನೆಗಳಲ್ಲಿದೆ. ಅದರ ಹೆಸರು ಕಾಲ್ಗುಣ.

ಹೊಸದಾಗಿ ಮದುವೆಯಾಗಿ ಬಂದ ಹುಡುಗಿ ಹೊಸ್ತಿಲ ಮೇಲಿನ ಅಕ್ಕಿ ಸೇರನ್ನು ಒದ್ದು ಒಳಗೆ ಬರುತ್ತಾಳೆ. ಆ ವರ್ಷ ಅಡಿಕೆಗೆ ಒಳ್ಳೆಯ ಧಾರಣೆ ಬಂದರೆ ಮನೆಗೆ ಲಕ್ಷ್ಮಿ ಬಂದಳು. ಮಾವನಿಗೆ ಎದೆನೋವು ಬಂದರೆ, ಮೈದುನ ಬೈಕಿನಿಂದ ಬಿದ್ದರೆ, ಕೊಳವೆಬಾವಿ ಬತ್ತಿದರೆ, ಎಲ್ಲರ ಕಣ್ಣು ಅವಳ ಪಾದದ ಮೇಲೆ. ಮೂಲಾ ನಕ್ಷತ್ರದವಳಾದರೆ ಬಾಗಿಲವರೆಗೂ ಬರಲಾರಳು; ಅವಳು ಮಾವನಿಗೆ ಆಗಿಬರುವುದಿಲ್ಲವೆಂದು ಸಂಬಂಧವೇ ಮುರಿಯುತ್ತದೆ. ನಕ್ಷತ್ರಗಳು 27. ಅಂದರೆ ಹುಟ್ಟುವ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಇಪ್ಪತ್ತೇಳಕ್ಕೆ ಒಬ್ಬಳ ಮೇಲೆ, ಅವಳು ಕಣ್ಣು ಬಿಡುವ ಮೊದಲೇ, ಇನ್ನೂ ನೋಡದ ಒಬ್ಬ ಹಿರಿಯನ ಸಾವಿನ ಆರೋಪ. ಮಗನಿಗೆ ಮದುವೆ ಮಾಡುವ ವಯಸ್ಸಿನ ಗಂಡಸರು, ಸೊಸೆಯ ನಕ್ಷತ್ರ ಯಾವುದೇ ಇರಲಿ, ಕಾಯಿಲೆ ಬೀಳುವ ವಯಸ್ಸಿನವರೂ ಹೌದು.

ಲೆಕ್ಕಕ್ಕಾಗಿ ಹೀಗೆ ಇಟ್ಟುಕೊಳ್ಳೋಣ. ಹತ್ತಿರದ ಬಂಧುಗಳು ನಲವತ್ತು ಜನ. ಒಂದು ವರ್ಷದಲ್ಲಿ ಒಬ್ಬೊಬ್ಬರಿಗೂ ಏನಾದರೊಂದು ದೊಡ್ಡ ಕೆಡುಕಾಗುವ ಸಂಭವ ಇಪ್ಪತ್ತಕ್ಕೊಂದು. ನಲವತ್ತೂ ಜನ ಕ್ಷೇಮವಾಗಿ ವರ್ಷ ದಾಟುವ ಸಂಭವ ಶೇ 13 ಮಾತ್ರ. ನೂರು ಮದುವೆಗಳಲ್ಲಿ ಎಂಬತ್ತೇಳರ ಮೊದಲ ವರ್ಷದಲ್ಲಿ ಯಾರಿಗಾದರೂ ಏನಾದರೂ ಆಗಿಯೇ ಇರುತ್ತದೆ. ಆ ವರ್ಷ ಮದುವೆಯೇ ನಡೆಯದ ಪಕ್ಕದ ಮನೆಯಲ್ಲೂ ಅಷ್ಟೇ ಆಗಿರುತ್ತದೆ. ಅಲ್ಲಿ ಹಸು ಸತ್ತರೆ ದನದ ಡಾಕ್ಟರನ್ನು ಕೇಳುತ್ತಾರೆ, ಕೊಳವೆಬಾವಿ ಬತ್ತಿದರೆ ಇನ್ನೂ ಇನ್ನೂರು ಅಡಿ ಕೊರೆಸುತ್ತಾರೆ.