ಊರಲ್ಲಿ ಮಳೆ ಇಲ್ಲದಿದ್ದರೂ ಹಳ್ಳ ಬರುತ್ತೆ: ಗುಡುಗು ಮಳೆ ದಿನ ರಸ್ತೆಯಲ್ಲಿ ಎಚ್ಚರ ಹೇಗೆ?

ನವಲಗುಂದ: ಊರಲ್ಲಿ ಹನಿ ಮಳೆ ಬಿದ್ದಿರಲ್ಲ, ಸಂಜೆ ಹೊತ್ತಿಗೆ ಹಳ್ಳ ತುಂಬಿ ಬಂದಿರುತ್ತೆ. ಬೆಣ್ಣಿಹಳ್ಳದ ದಂಡೆಯವರಿಗೆ ಇದು ಹೊಸದೇನಲ್ಲ. ಆದರೂ 'ಇಲ್ಲಿ ಮಳೀನ ಆಗಿಲ್ಲ, ಏನಾಗಂಗಿಲ್ಲ' ಅಂತ ನೀರಿಗೆ ಬೈಕ್ ಇಳಿಸುವವರು ಇದ್ದೇ ಇದ್ದಾರೆ.

ಬೆಣ್ಣಿಹಳ್ಳ ಹುಟ್ಟೋದು ದೂರದ ಶಿಗ್ಗಾವಿ ತಾಲ್ಲೂಕಿನ ದುಂಡಶಿ ಕಡೆ. ಗುಡುಗು ಮಳೆ ಎಲ್ಲ ಕಡೆ ಒಂದೇ ಸಮ ಬೀಳಲ್ಲ; ಕೆಲವೇ ಕಿ.ಮೀ. ಜಾಗದಲ್ಲಿ ಒಂದೆರಡು ಗಂಟೆ ಜೋರಾಗಿ ಸುರಿಯುತ್ತೆ. 1 ಎಕರೆ ಮೇಲೆ 50 ಮಿ.ಮೀ. ಮಳೆ ಬಿದ್ದರೆ ಸುಮಾರು 2 ಲಕ್ಷ ಲೀಟರ್ ನೀರು. ಎರಿ ಭೂಮಿ ನೆನೆದು ಬಿರುಕು ಮುಚ್ಚಿದ ಮೇಲೆ ನೀರು ಬೇಗ ಇಂಗಲ್ಲ, ಹಳ್ಳಕ್ಕೇ ಹರಿಯುತ್ತೆ. ಹಾಗಾಗಿ ಮೇಲ್ಭಾಗದಲ್ಲಿ ಮಳೆ ನಿಂತ ಮೇಲೂ ಕೆಳಗೆ ನೀರು ಏರುತ್ತಲೇ ಇರುತ್ತೆ.

ಕಾರು ಭಾರ ಇದೆ, ಕೊಚ್ಚಿ ಹೋಗಲ್ಲ ಅನ್ನೋದು ತಪ್ಪು ಲೆಕ್ಕ. ರಭಸದ ನೀರು ಅರ್ಧ ಅಡಿ ಇದ್ದರೂ ಮನುಷ್ಯನನ್ನು ಬೀಳಿಸಬಲ್ಲದು. 1 ಅಡಿ ನೀರಲ್ಲಿ ಸಣ್ಣ ಕಾರು ತೇಲಬಹುದು, 2 ಅಡಿಯಲ್ಲಿ ಜೀಪು ಕೂಡ ಕೊಚ್ಚಿ ಹೋಗಬಹುದು. ಕೆಳಗೆ ರಸ್ತೆ ಕಿತ್ತು ಹೋಗಿದ್ದರೆ ಮೇಲಿಂದ ಕಾಣೋದೂ ಇಲ್ಲ.

ನಿಂತ ನೀರೂ ಅಪಾಯವೇ. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಮಳೆ ನೀರಿಗೆ ಕಾರು ಸಿಕ್ಕಿಕೊಂಡು ಯುವತಿಯೊಬ್ಬರು ಜೀವ ಕಳೆದುಕೊಂಡರು.

ವಾಹನ ಸವಾರರು ಗಮನಿಸಿ:

• ಸೇತುವೆ ಮೇಲೆ ನೀರು ಹರಿಯುತ್ತಿದ್ದರೆ ದಾಟಬೇಡಿ. ಮುಂದಿನ ಬಸ್ಸೋ ಲಾರಿಯೋ ದಾಟಿತು ಅಂತ ಹಿಂದೆ ಹೋಗಬೇಡಿ.
• ನೀರಲ್ಲಿ ಎಂಜಿನ್ ಬಂದ್ ಆದರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ನೀರು ಏರುತ್ತಿದ್ದರೆ ಬೆಲ್ಟ್ ಬಿಚ್ಚಿ, ಗಾಜು ಇಳಿಸಿ, ಕೂಡಲೇ ಹೊರಗೆ ಬನ್ನಿ.
• ಸಿಡಿಲಿದ್ದಾಗ ಗಿಡದ ಕೆಳಗೆ ನಿಲ್ಲಬೇಡಿ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗೋವರೆಗೆ ಮನೆ, ಅಂಗಡಿ ಒಳಗೇ ಇರಿ.

ಅಂಗಡಿಯವರಿಗೆ:

• ಅಂಗಡಿ ಮುಂದಿನ ಗಟಾರದಲ್ಲಿ ಪ್ಲಾಸ್ಟಿಕ್ ಸಿಕ್ಕಿದ್ದರೆ ಮಳೆಗೆ ಮುಂಚೆಯೇ ತೆಗೆಸಿ.
• ನೀರು ಹೋಗಲಿ ಅಂತ ಗಟಾರದ ಕಲ್ಲು ತೆರೆದಿಟ್ಟು ಹೋಗಬೇಡಿ. ನೀರು ತುಂಬಿದಾಗ ಆ ಗುಂಡಿ ಯಾರಿಗೂ ಕಾಣಲ್ಲ.
• ನೀರು ಒಳಗೆ ಬರೋ ಮುಂಚೆಯೇ ಮೇನ್ ಸ್ವಿಚ್ ಆಫ್ ಮಾಡಿ. ನೀರಲ್ಲಿ ನಿಂತು ಮುಟ್ಟಬೇಡಿ.

ಯಾರಾದರೂ ನೀರಲ್ಲಿ ಸಿಕ್ಕಿಕೊಂಡರೆ ನೀವೂ ಇಳಿಯಬೇಡಿ. ಹಗ್ಗ ಎಸೆಯಿರಿ, 112ಕ್ಕೆ ಕರೆ ಮಾಡಿ. ಜಿಲ್ಲಾ ಕಂಟ್ರೋಲ್ ರೂಂ 1077. ವಿದ್ಯುತ್ ತಂತಿ ಬಿದ್ದಿದ್ದರೆ ಹೆಸ್ಕಾಂ 1912.