ದನಗಳ ಸೀಮೆಯಲ್ಲಿ ಡೇರೆ

ಆಸ್ಟ್ರೇಲಿಯದ ಒಳನಾಡಿನಲ್ಲಿ ‘ಸ್ಟೇಷನ್’ ಎಂದರೆ ರೈಲು ನಿಲ್ಲುವ ತಾಣವಲ್ಲ. ಸರ್ಕಾರದಿಂದ ದೀರ್ಘಕಾಲದ ಗುತ್ತಿಗೆಗೆ ಪಡೆದು ದನಗಳನ್ನು ಮೇಯಿಸುವ ಮಹಾಬಯಲಿಗೆ ಅಲ್ಲಿ ಆ ಹೆಸರು. ದಕ್ಷಿಣ ಆಸ್ಟ್ರೇಲಿಯದ ಆ್ಯನಾ ಕ್ರೀಕ್ ಸ್ಟೇಷನ್ನಿನ ವಿಸ್ತಾರ 23,000 ಚದರ ಕಿಲೋಮೀಟರಿಗೂ ಮಿಗಿಲು; ಇಸ್ರೇಲ್ ದೇಶಕ್ಕಿಂತಲೂ ದೊಡ್ಡದು! ಇಂಥ ಸೀಮೆಗಳನ್ನು ಹಾದು, ಮರ್ರಿ ಎಂಬ ಪುಟ್ಟ ಊರಿನಿಂದ ಕ್ವೀನ್ಸ್‌ಲ್ಯಾಂಡಿನ ಬರ್ಡ್ಸ್‌ವಿಲ್‌ವರೆಗೆ 517 ಕಿಲೋಮೀಟರುಗಳ ಮಣ್ಣುದಾರಿಯೊಂದು ಸಾಗಿದೆ. ನಮ್ಮಲ್ಲಿ ಮಳೆ ಸುರಿಯುವ ತಿಂಗಳುಗಳು ಅಲ್ಲಿಗೆ ಚಳಿಗಾಲ. ಆಗ ಪಟ್ಟಣಿಗರು ಡೇರೆ, ನೀರಿನ ಪೀಪಾಯಿ, ಅಡಿಗೆಯ ಸಾಮಗ್ರಿಗಳನ್ನು ಜೀಪಿಗೆ ಹೇರಿಕೊಂಡು ಈ ದಾರಿಯನ್ನು ಹಿಡಿಯುತ್ತಾರೆ.

ನೀರು ತೋರಿದ ದಾರಿ

1880ರ ದಶಕದಲ್ಲಿ ಕ್ವೀನ್ಸ್‌ಲ್ಯಾಂಡಿನ ದನಗಳನ್ನು ಮರ್ರಿಯ ರೈಲುನಿಲ್ದಾಣಕ್ಕೆ ನಡೆಸಿ ತರುವುದಕ್ಕಾಗಿ ಹುಟ್ಟಿದ ಹಾದಿ ಇದು. ವರ್ಷಕ್ಕೆ ಇನ್ನೂರು ಮಿಲಿಮೀಟರು ಮಳೆಯೂ ಬೀಳುವ ಭರವಸೆಯಿಲ್ಲದ ನೆಲದಲ್ಲಿ ದನಗಳ ಬಾಯಾರಿಕೆಯನ್ನು ತಣಿಸುವ ಬಗೆ ಹೇಗೆ? ಆ ನೆಲದಡಿಯಲ್ಲಿಯೇ ಉತ್ತರವಿತ್ತು. ಪಾತಾಳದಲ್ಲಿ ಒತ್ತಡಕ್ಕೆ ಸಿಲುಕಿದ್ದ ನೀರು, ಕೊಳವೆ ಇಳಿಸಿದೊಡನೆ ತಾನಾಗಿ ಮೇಲಕ್ಕುಕ್ಕಿತು. ಅದೂ ಬಿಸಿ ಬಿಸಿಯಾಗಿ! ಇಂಥ ಬಾವಿಗಳನ್ನು ಅಲ್ಲಲ್ಲಿ ತೋಡಿದ ಮೇಲೆ ಹಾದಿ ನಿಂತಿತು.

ಮರ್ರಿಯಿಂದ ದೂರದ ಸ್ಟೇಷನ್ನುಗಳಿಗೆ ಹಿಟ್ಟು, ಚಹ, ತಂತಿಗಳನ್ನು ಮುಟ್ಟಿಸಿದವು ಒಂಟೆಗಳ ಸಾಲುಗಳು. ಅವುಗಳನ್ನು ನಡೆಸಿದವರಿಗೆಲ್ಲ ‘ಅಫ್ಘಾನರು’ ಎಂಬುದೊಂದೇ ಹೆಸರು. ಆದರೆ ಅವರಲ್ಲಿ ಅನೇಕರು ಅಂದಿನ ಭಾರತದ ಪಂಜಾಬ, ಸಿಂಧ, ಬಲೂಚಿಸ್ತಾನಗಳವರು. ಒಂಟೆಯ ಕಾಲ ಮುಗಿದು ಲಾರಿಯ ಕಾಲ ಬಂದಿತು. ಟಾಮ್ ಕ್ರೂಸ್ ಎಂಬ ಅಂಚೆಯ ಸಾರಥಿ 1936ರಿಂದ ಅನೇಕ ವರ್ಷ ಇಲ್ಲಿ ಲಾರಿಯನ್ನು ಓಡಿಸಿದನು. ಮರಳಿನಲ್ಲಿ ಗಾಲಿ ಹೂತರೆ ಕಬ್ಬಿಣದ ಹಲಗೆಗಳನ್ನು ಹಾಸಿ, ಅವುಗಳ ಮೇಲೆ ಲಾರಿಯನ್ನು ದಾಟಿಸಿ, ಮತ್ತೆ ಅವನ್ನೆತ್ತಿಕೊಂಡು ಮುಂದೆ ಹಾಸುವುದು ಅವನ ಕ್ರಮ. ಅವನ ಪಯಣವನ್ನು ಚಿತ್ರಿಸಿದ ‘ದಿ ಬ್ಯಾಕ್ ಆಫ್ ಬಿಯಾಂಡ್’ ಚಲಚ್ಚಿತ್ರ 1954ರಲ್ಲಿ ವೆನಿಸ್ಸಿನಲ್ಲಿ ಬಹುಮಾನವನ್ನು ಗಳಿಸಿತು.

ಗಾಲಿಯ ಗುಟ್ಟು

ಇಂದಿನ ಜೀಪುಗಳಲ್ಲಿ ಎಂಜಿನ್ನಿನ ಶಕ್ತಿ ನಾಲ್ಕು ಚಕ್ರಗಳಿಗೂ ಹರಿಯುತ್ತದೆ. ಆದರೂ ಮರಳು ಯಂತ್ರಕ್ಕಿಂತ ಯುಕ್ತಿಯನ್ನೇ ಮೆಚ್ಚುತ್ತದೆ. ಟೈರಿನ ಗಾಳಿಯನ್ನು ಸುಮಾರು ಅರ್ಧಕ್ಕೆ ಇಳಿಸಿದರೆ ಗಾಲಿ ಅಗಲವಾಗಿ ಊರಿ ಹೂಳುವುದಿಲ್ಲ. ದಿಬ್ಬವನ್ನು ನೇರವಾಗಿ ಏರಬೇಕು; ಓರೆಯಾಗಿ ತಿರುಗಿಸಿದರೆ ಗಾಡಿ ಮಗುಚುವ ಭಯ. ಐವತ್ತಕ್ಕೂ ಹೆಚ್ಚು ಮೀಟರು ಉದ್ದದ ದನದ ಲಾರಿಗಳು ಎದುರಾದಾಗ ಧೂಳಿನಲ್ಲಿ ಹಾದಿಯೇ ಕಾಣದು. ಬದಿಗೆ ಸರಿದು ನಿಲ್ಲುವುದೇ ಜಾಣತನ. ಮಳೆ ಬಿದ್ದರಂತೂ ದಾರಿಯನ್ನೇ ಮುಚ್ಚುತ್ತಾರೆ.

ಡೇರೆಗೂ ಧರ್ಮವುಂಟು. ಒಡೆಯರ ಅಪ್ಪಣೆಯಿಲ್ಲದೆ ಬೀಡುಬಿಡಲಾಗದು. ತೆರೆದಿದ್ದ ಗೇಟನ್ನು ತೆರೆದೇ, ಮುಚ್ಚಿದ್ದನ್ನು ಮುಚ್ಚಿಯೇ ಹೋಗಬೇಕು. ದನಗಳ ನೀರಿನ ತೊಟ್ಟಿಯ ಬಳಿ ಡೇರೆ ಹೊಡೆಯುವುದು ದೊಡ್ಡ ತಪ್ಪು. ಮನುಷ್ಯರನ್ನು ಕಂಡು ಬೆದರಿದ ದನಗಳು ಬಾಯಾರಿ ದೂರವೇ ನಿಂತುಬಿಡುತ್ತವೆ. ಕತ್ತಲಾದ ಮೇಲೆ, ಬೇರೆ ದೀಪವೇ ಕಾಣದ ಆ ಬಯಲಿನಲ್ಲಿ ಆಕಾಶಗಂಗೆ ತಲೆಯ ಮೇಲೆ ಹರಡಿ ನಿಲ್ಲುತ್ತದೆ. ಇಷ್ಟು ದೂರ ಧೂಳು ಕುಡಿದುದಕ್ಕೆ ಅದೇ ಪ್ರತಿಫಲ.

ಕಲಿಸಿದ ಪಾಠ

ಆದರೆ ಈ ಬಯಲು ಅಲಕ್ಷ್ಯವನ್ನು ಕ್ಷಮಿಸುವುದಿಲ್ಲ. 1963ರ ಡಿಸೆಂಬರಿನ ಸುಡುಬೇಸಗೆಯಲ್ಲಿ ಒಂದೇ ಕುಟುಂಬದ ಐವರು ಮರ್ರಿಯಿಂದ ಕಾರಿನಲ್ಲಿ ಹೊರಟರು. ನಡುದಾರಿಯಲ್ಲಿ ಪೆಟ್ರೋಲು ಮುಗಿಯಿತು. ಕಾರನ್ನು ಬಿಟ್ಟು ನೀರನ್ನರಸಿ ನಡೆದ ಅವರಲ್ಲಿ ಒಬ್ಬರೂ ಬದುಕಿ ಉಳಿಯಲಿಲ್ಲ. ಅಂದಿನಿಂದ ಆ ಸೀಮೆಗೆ ಹೋಗುವವರಿಗೆಲ್ಲ ಮೊದಲು ಹೇಳುವ ಮಾತು ಒಂದೇ: ಗಾಡಿ ಕೆಟ್ಟರೆ ಗಾಡಿಯ ಬಳಿಯೇ ಇರಿ. ಆಕಾಶದಿಂದ ಹುಡುಕುವವರ ಕಣ್ಣಿಗೆ ಗಾಡಿ ಬೀಳುತ್ತದೆ, ಒಂಟಿ ಮನುಷ್ಯ ಬೀಳುವುದಿಲ್ಲ.

ಇಂದು ಉಪಗ್ರಹದ ದೂರವಾಣಿ ಇದೆ. 1928ರಲ್ಲಿ ಮೊದಲುಗೊಂಡ ವಿಮಾನ ವೈದ್ಯಸೇವೆಯೂ ಇದೆ. ಹಾಗಿದ್ದರೂ ಹೊರಡುವ ಮುನ್ನ, ಯಾವ ದಾರಿಯಲ್ಲಿ ಹೋಗಿ ಎಂದು ತಲುಪುವೆವೆಂದು ಯಾರಿಗಾದರೂ ಹೇಳಿ ಹೋಗುವ ಪದ್ಧತಿಯನ್ನು ಬಲ್ಲವರು ಬಿಟ್ಟಿಲ್ಲ. ಹೇಳಿದ ಹೊತ್ತಿಗೆ ತಲುಪದವರನ್ನು ಹುಡುಕಿ ಹೊರಡಲು, ಕಾದಿರುವ ಒಬ್ಬರಾದರೂ ಬೇಕಲ್ಲವೆ?